ಸೆಟ್ಲಿಂಗ್ ಕಡಿಮೆ ಮಾಡಿದ ಸುಮಾಳಿಗೆ

ಚಿ. ಸುಮಾಳಿಗೆ ಮಾವನ ಆಶೀರ್ವಾದಗಳು.

ಊರಿನ ಸುದ್ದಿ ಅಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಬಿಡು. ನಿನ್ನ ಪತ್ರದ ಒಂದು ಸಾಲು ಓದಿದ ಮೇಲೆ ನನಗೆ ಸಮಾಧಾನವಿಲ್ಲ. ನಿಮ್ಮ ರಿಫೈನರಿಯ ಟ್ಯಾಂಕಿನ ಔಟ್‌ಲೆಟ್ ವಾಲ್ವಿನ ಗೇಟು ಕಳಚಿ ಒಳಗೇ ಬಿದ್ದದ್ದು, ತುಂಬಿದ ಕ್ರೂಡ್ (ಕಚ್ಚಾ ತೈಲ) ಅಲ್ಲೇ ಸಿಕ್ಕಿಕೊಂಡದ್ದು, ಹಡಗು ಹೊರಗೆ ಕಾಯುತ್ತಿರುವುದು, ಇವೆಲ್ಲ ಆಗುವಂಥದ್ದೇ. ಆದರೆ ಅದರ ಬದಲು ಓಡಿಸಲಿರುವ ಟ್ಯಾಂಕಿನ ಬಗ್ಗೆ "ಹೊಸ ಟ್ಯಾಂಕಿಗೆ 24 ಗಂಟೆ ಇದ್ದ ಸೆಟ್ಲಿಂಗನ್ನು 8ಕ್ಕೆ ಇಳಿಸಿ ಪ್ಲಾನ್ ತಿದ್ದಿದೆ, ನೀರು ಹೋದರೆ ಅಂತ ಹೆದರಿಕೆ" ಎಂದಿದ್ದೀಯಲ್ಲ.

ಹೆದರಬೇಕಾದದ್ದೇ. ಕ್ರೂಡಿನಲ್ಲಿರುವ ನೀರು ತಳಕ್ಕಿಳಿಯಲೆಂದೇ ಅಲ್ಲವೇ ಸೆಟ್ಲಿಂಗ್ ಅಂತ ಕಾಯುವುದು. ಒಂದು ಲೀಟರ್ ನೀರು ಆವಿಯಾದರೆ ಸುಮಾರು 1,700 ಲೀಟರ್. ಕ್ರೂಡನ್ನು ಬೇರ್ಪಡಿಸುವ ಬಿಸಿ ಕಾಲಂ ಗೋಪುರದೊಳಗೆ ಅದು ಒಮ್ಮೆಗೇ ಅರಳಿದರೆ ಟ್ರೇಗಳು ಕಿತ್ತುಬರುತ್ತವೆ. ಉಪ್ಪು, ನೀರು ತೆಗೆಯುವ ಡೀಸಾಲ್ಟರ್ ಇದೆಯಲ್ಲ ಎಂದು ಯಾರಾದರೂ ಅಂದಾರು. ಅದು ಬೆರೆತುಬಂದ ಅಲ್ಪಸ್ವಲ್ಪ ನೀರಿಗೆ ಸರಿ. ತಳದ ನೀರೇ ನುಗ್ಗಿದರೆ ಅದರ ವಿದ್ಯುತ್ ಗ್ರಿಡ್ಡೂ ಟ್ರಿಪ್ಪಾಗುತ್ತದೆ.

ನಮ್ಮಲ್ಲೊಬ್ಬರು ಗೇಜಿಂಗ್, ಅಂದರೆ ಟ್ಯಾಂಕಿನ ಮಟ್ಟ ಅಳೆಯುವುದನ್ನು, ನೋಡುತ್ತಿದ್ದರು. ಡಿಪ್ ಟೇಪಿನ ತುದಿಯ ಹಿತ್ತಾಳೆ ಗುಂಡಿಗೆ ನೀರು ತಗುಲಿದರೆ ಬಣ್ಣ ಬದಲಿಸುವ ವಾಟರ್ ಪೇಸ್ಟ್ ಸವರಿ ಇಳಿಸಿ, ಮೇಲೆಳೆದು, ಬಣ್ಣ ತಿರುಗಿದ ಗೆರೆಗೆ ಉಗುರು ಒತ್ತಿ ತೋರಿಸಿದ್ದರು: "ಇವತ್ತು ಬೇಡ ಸಾರ್." ಕಾದೆವು. ಹಡಗು ಕಾಯಿಸಿದ್ದಕ್ಕೆ ತೆರುವ ಡೆಮರೇಜ್ ಮೀಟಿಂಗಿನಲ್ಲಿ ಅವರ ತಲೆಗೇ ಬಂತು. ಅವರ ಪರವಾಗಿ ಯಾರ ಬಾಯಿಂದಲೂ ಒಂದು ಮಾತು ಹೊರಡಲಿಲ್ಲ, ನನ್ನ ಬಾಯಿಂದಲೂ. ಇವತ್ತಿಗೂ ಚುಚ್ಚುತ್ತದೆ. ನೀರು ಒಳಗೆ ಹೋಗಲಿಲ್ಲ ಅನ್ನುವುದಕ್ಕೆ ಯಾವ ರಿಪೋರ್ಟಿನಲ್ಲೂ ಕಾಲಂ ಇಲ್ಲ ನೋಡು, ಡೆಮರೇಜಿಗೆ ಇದೆ.

ನಿಮ್ಮ ಸಾಫ್ಟ್‌ವೇರ್ ಇದನ್ನೆಲ್ಲ ಲೆಕ್ಕ ಹಾಕಿರಬಹುದು, ರಿಟೈರಾದವನ ಮಾತು ಅಂತ ನಗಬೇಡ. ಯೂನಿಟ್ಟಿನ ಚಾರ್ಜ್, ಅಂದರೆ ಅದಕ್ಕೆ ಹೋಗುವ ಕ್ರೂಡು, ಒಂದಿಷ್ಟು ಇಳಿಸಲಾಗದೇ? ಈಗ ಓಡುತ್ತಿರುವ ಟ್ಯಾಂಕು ಇನ್ನಷ್ಟು ಹೊತ್ತು ಬಾಳುತ್ತದೆ, ಆ ಹೊತ್ತೆಲ್ಲ ಹೊಸದರ ಸೆಟ್ಲಿಂಗಿಗೇ. ಹಾಗಂತ ತಳದವರೆಗೂ ಎಳೆಯಬೇಡ, ಕ್ರೂಡಿನ ಮೇಲೆ ತೇಲುವ ರೂಫು ತಳಕ್ಕೆ ಕಾಲೂರಿದರೆ ಅಡಿಯಲ್ಲಿ ಗ್ಯಾಸ್ ತುಂಬಿ ಇನ್ನೊಂದು ರಗಳೆ. 8 ಗಂಟೆಯೇ ಗತಿ ಅಂತಾದರೆ ಪೂರ್ತಿ ಬದಲಿಸದೆ ಹಳೆಯದರ ಜೊತೆ ಸ್ವಲ್ಪಸ್ವಲ್ಪ ಬಿಡಿಸು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಕೂತವರಿಗೆ ಮೊದಲೇ ಹೇಳು, ಮೇಲ್ ಹಾಕಿ ಸುಮ್ಮನಾಗಬೇಡ, ಫೋನ್ ಮಾಡು. 8 ಎಂದು ಒಪ್ಪಿದವರ ಹೆಸರು ಲಾಗ್ ಬುಕ್ಕಿನಲ್ಲಿರಲಿ. ಹೀಗೆ ಹೇಳಲು ನನಗೇ ಮುಜುಗರ, ಆದರೂ.

ತಳದ ನೀರು ಬಿಡುವ ಡ್ರೈನ್ ಹತ್ತಿರ ನೀನೇ ಹೋಗಿ ನೋಡುವುದಾದರೆ ಗ್ಯಾಸ್ ಮೀಟರ್ ಇಲ್ಲದೆ ಹೋಗಬೇಡ. ಗಂಧಕ ಹೆಚ್ಚಿರುವ ಕ್ರೂಡಾದರೆ ಆ ನೀರಿನ ಜೊತೆ ಎಚ್‌ಟುಎಸ್ (ಹೈಡ್ರೋಜನ್ ಸಲ್ಫೈಡ್) ಎಂಬ ವಿಷದ ಗ್ಯಾಸ್ ಬರುತ್ತದೆ. ವಾಸನೆ ನಿಂತಿತು ಅಂದರೆ ಗ್ಯಾಸ್ ಹೋಯಿತು ಅಂತಲ್ಲ, ಮೂಗು ಸತ್ತಿದೆ ಅಂತ.

ಇತಿ,
ನಿನ್ನ ಮಾವ