ನಾನು ಯಾಕೆ ನಗಲಿಲ್ಲ ಅಂತ ಕೇಳಿದ್ದೆಯಲ್ಲ

ಗಂಗಾವತಿ
ಭಾನುವಾರ ಬೆಳಿಗ್ಗೆ

ಪ್ರೀತಿಯ ಗೆಳೆಯಾ,

ಹೋದ ತಿಂಗಳು ಬೆಂಗಳೂರಿನ ನಿನ್ನ ಮನೆಗೆ ಬಂದಾಗ ರಾತ್ರಿ ಊಟ ಮುಗಿಸಿ ಎಲ್ಲರೂ ಟೀವಿ ಮುಂದೆ ಕೂತಿದ್ದೆವು. ಯಾವುದೋ ಕಾಮಿಡಿ ಶೋ. ಒಬ್ಬ ವಾಚ್‌ಮನ್ ಬಂದ. ತಲೆಗೆ ಟವೆಲ್ ಸುತ್ತಿದ್ದ, ನಮ್ಮ ಉತ್ತರ ಕರ್ನಾಟಕದ ಮಾತಲ್ಲಿ 'ಹೌದ್ರೀಪಾ, ಏನ್ರೀಪಾ' ಅಂದ. ಅಷ್ಟೇ. ಮನೆಯೆಲ್ಲ ನಕ್ಕಿತು, ನಮ್ಮ ಕಡೆಯ ಕಾರಟಗಿಯಲ್ಲೇ ಹುಟ್ಟಿ ಬೆಳೆದ ನೀನೂ ನಕ್ಕೆ. ಆಮೇಲೆ 'ಯಾಕೋ ಮುಖ ಗಂಟು ಹಾಕಿದೀಯ' ಅಂತ ಕೇಳಿದೆ. ಎಲ್ಲರ ಎದುರು ಹೇಳಲು ಮನಸ್ಸಾಗಲಿಲ್ಲ. ಈಗ ಬರೆಯುತ್ತೇನೆ.

ನಿನ್ನ ಮೇಲೆ ಸಿಟ್ಟಿಲ್ಲ. ಆ ವಾಚ್‌ಮನ್‌ಗೆ ಒಂದು ಜೋಕೂ ಬರೆದಿರಲಿಲ್ಲ ನೋಡು, ಅದು ನನ್ನ ಸಿಟ್ಟು. ಅವನಿಗೆ ಹೆಸರಿಲ್ಲ, ಹಟ ಇಲ್ಲ, ಆಸೆ ಇಲ್ಲ. ಅವನು ಮಾತಾಡುವ ರೀತಿಯೇ ಜೋಕು. ಮಾರನೇ ದಿನ ನಿಮ್ಮವ್ವ ಊರಿಂದ ಫೋನ್ ಮಾಡಿದಾಗ ನಿನ್ನ ಮಗಳು ಅದೇ ರಾಗದಲ್ಲಿ 'ಹೌದ್ರೀಪಾ' ಅಂದಳು. ಅವ್ವ ಪಾಪ, ಮೊಮ್ಮಗಳು ನಮ್ಮ ಮಾತು ಕಲಿತಳು ಅಂತ ಎಷ್ಟು ಖುಷಿಪಟ್ಟರು! ಮಗುವಿನದು ಏನೂ ತಪ್ಪಿಲ್ಲ. ಆದರೆ ನನಗೆ ಎದೆಯಲ್ಲಿ ಏನೋ ಚುಚ್ಚಿದಂತಾಯಿತು ಕಣೋ.

ಇನ್ನೊಂದು ವಿಷಯ. ಸಿನಿಮಾದವರಿಗೆ ದಾವಣಗೆರೆ ದಾಟಿದರೆ ಎಲ್ಲಾ ಒಂದೇ ಕನ್ನಡ. ಆದರೆ ಬಳ್ಳಾರಿ 1953ರವರೆಗೆ ಮದ್ರಾಸಿನ ಜೊತೆಗಿತ್ತು, ರಾಯಚೂರು ಮತ್ತು ನಮ್ಮ ಕೊಪ್ಪಳ 1948ರವರೆಗೆ ನಿಜಾಮರ ಕೈಯಲ್ಲಿದ್ದವು, ಧಾರವಾಡ ಮುಂಬೈ ಕಡೆ ಇತ್ತು. ಸಿರುಗುಪ್ಪದವನ ಮಾತಲ್ಲಿ ತೆಲುಗು ಎಷ್ಟು ಬೆರೆತಿದೆ, ರಾಯಚೂರಿನವನ ಮಾತಲ್ಲಿ ಉರ್ದು ಎಷ್ಟು ಬೆರೆತಿದೆ, ನಿನಗೇ ಗೊತ್ತು. ಪರದೆ ಮೇಲೆ ಮಾತ್ರ ಎಲ್ಲರೂ ಒಂದೇ ಥರ 'ಯಾಕಲೇ' ಅಂತ ಕೂಗುತ್ತಾರೆ.

ಹಾಗಾದರೆ ನಮ್ಮೂರಿನ ಹಾಸ್ಯ ಭಾಷಣಕಾರ ಪ್ರಾಣೇಶ್ ಅವರ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತೀಯಲ್ಲ ಅಂತ ನೀನು ಕೇಳಬಹುದು. ಹೌದು, ನಗುತ್ತೇನೆ. ಅವರದೂ ಇದೇ ಭಾಷೆ. ಆದರೆ ಅವರು ನಮ್ಮ ಓಣಿಯ ಕಟ್ಟೆ ಮೇಲೆ ಕೂತು ನಮ್ಮನೆ ಕಥೆ ಹೇಳಿದ ಹಾಗೆ ಹೇಳುತ್ತಾರೆ. ಅವರನ್ನು ಅಭಿನವ ಬೀchi ಅಂತ ಸುಮ್ನೆ ಕರೆಯುತ್ತಾರಾ? ಹರಪನಹಳ್ಳಿಯ ಹಾಸ್ಯ ಸಾಹಿತಿ ಬೀಚಿಯವರ ಪಾತ್ರ ತಿಂಮನನ್ನೇ ನೋಡು. ಮೇಲೆ ಪೆದ್ದನ ಥರ ಕಾಣುತ್ತಾನೆ, ಕೊನೆಗೆ ಪೆದ್ದರಾಗುವುದು ಅವನ ಎದುರಿಗಿರುವವರು. ನಾವು ತಿಂಮನ ಜೊತೆ ನಗುತ್ತೇವೆ.

ನಟ ವೈಜನಾಥ ಬಿರಾದಾರ್ ಅವರ ವಿಷಯ ನಿನಗೆ ಹೇಳಲೇಬೇಕು. ಬೀದರ್ ಜಿಲ್ಲೆಯವರು. ಎಷ್ಟೋ ವರ್ಷ ನಮ್ಮ ಸಿನಿಮಾಗಳಲ್ಲಿ ಅವರಿಗೆ ಸಿಕ್ಕಿದ್ದು ಜಾಸ್ತಿ ಕುಡುಕನ ಪಾತ್ರ, ಭಿಕ್ಷುಕನ ಪಾತ್ರ. ಬರಬೇಕು, ಎರಡು ಮಾತಾಡಬೇಕು, ಹೋಗಬೇಕು. ಆಮೇಲೆ ನಿರ್ದೇಶಕ ಗಿರೀಶ್ ಕಾಸರವಳ್ಳಿಯವರು 2010ರಲ್ಲಿ 'ಕನಸೆಂಬೊ ಕುದುರೆಯನೇರಿ' ಮಾಡಿದರು. ಕಥೆ ನಮ್ಮ ರಾಯಚೂರು ಜಿಲ್ಲೆಯ ಅಮರೇಶ ನುಗಡೋಣಿ ಅವರದು. ಅದರಲ್ಲಿ ಬಿರಾದಾರ್ ಹೆಣ ಹೂಳಲು ಕುಣಿ ತೋಡುವ ಈರ್ಯಾ, ಉಮಾಶ್ರೀ ಅವನ ಹೆಂಡತಿ. ಅದೇ ಸಣಕಲು ದೇಹ, ಅದೇ ದನಿ. ಯಾರೂ ನಗಲಿಲ್ಲ. ಸ್ಪೇನ್ ದೇಶದ ಇಮ್ಯಾಜಿನ್ ಇಂಡಿಯಾ ಚಿತ್ರೋತ್ಸವದಲ್ಲಿ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಆ ಮನುಷ್ಯನೊಳಗೆ ಅಷ್ಟೊಂದು ಇತ್ತು, ಆದರೂ ನಾವು ಅಷ್ಟು ವರ್ಷ ಬರೀ ಕುಡುಕನನ್ನು ನೋಡಿದೆವು. ಆ ಸಿನಿಮಾ ನೀನು ನೋಡಿಲ್ಲ ಅಂದರೆ ಈ ಪತ್ರ ಇಲ್ಲೇ ಬಿಟ್ಟು ಮೊದಲು ಅದನ್ನು ಹುಡುಕು.

ಟೀವಿ ಕಾಮಿಡಿ ಬೇಡ ಅಂತ ನಾನು ಹೇಳುತ್ತಿಲ್ಲ. ಈಟಿವಿಯಲ್ಲಿ 'ಸಿಲ್ಲಿ ಲಲ್ಲಿ' ಬರುವಾಗ ನಾವಿಬ್ಬರೂ ಟ್ಯೂಷನ್ ತಪ್ಪಿಸಿ ನಿಮ್ಮ ಪಡಸಾಲೆಯಲ್ಲಿ ಕೂರುತ್ತಿದ್ದೆವಲ್ಲ, ಕರೆಂಟ್ ಹೋದರೆ ಅಳುವಷ್ಟು ಬೇಜಾರಾಗುತ್ತಿತ್ತು. ಡಾಕ್ಟರ್ ವಿಠಲರಾವ್ ಒಂದು ಥರ, ಸಮಾಜಸೇವಕಿ ಲಲಿತಾಂಬ ಇನ್ನೊಂದು ಥರ, ಆ ಮನೆಗೆ ಬಂದು ಹೋಗುವವರದೆಲ್ಲ ಒಂದೊಂದು ಹುಚ್ಚು. ಎಲ್ಲರೂ ಹಾಗೇ ಇದ್ದಾಗ ಯಾರೂ ಯಾರಿಗಿಂತ ಕಮ್ಮಿ ಅನ್ನಿಸುವುದಿಲ್ಲ.

ನನಗೆ ಬೇಕಿರುವುದು ಅಂಥದ್ದೇ ಒಂದು, ಆದರೆ ನಮ್ಮ ಕಡೆಯದು. ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಇಡೀ ಧಾರಾವಾಹಿ ನಡೆಯಲಿ. ಲೆಕ್ಕ ಬರೆಯುವ ಗುಮಾಸ್ತ, ಹಮಾಲರು, ಭತ್ತ ತಂದು ತೂಕಕ್ಕೆ ಜಗಳ ಮಾಡುವ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ತೆಲುಗು ರೈತ, ಉರ್ದು ಬೆರೆಸಿ ಮಾತಾಡುವ ಲಾರಿ ಡ್ರೈವರ್, ಗೇಟಿನ ಹತ್ತಿರ ಒಗ್ಗರಣಿ ಮಿರ್ಚಿ ಮಾರುವ ಅಕ್ಕ. ಎಲ್ಲರೂ ಇಲ್ಲಿಯ ಮಾತನ್ನೇ ಆಡಲಿ, ಆಗ ಮಾತಿಗಾಗಿ ಯಾರೂ ನಗುವುದಿಲ್ಲ. ಗುಮಾಸ್ತನ ಜಿಪುಣತನಕ್ಕೆ ನಗುತ್ತಾರೆ, ಡ್ರೈವರ್ ಹೇಳುವ ಸುಳ್ಳಿಗೆ ನಗುತ್ತಾರೆ, ಸಾಲ ಕೊಟ್ಟು ಕೊಟ್ಟು ಬೈಯುವ ಅಕ್ಕನಿಗೆ ನಗುತ್ತಾರೆ. ಬೆಂಗಳೂರಿನವರಿಗೆ ಮೊದಲ ವಾರ ಕಷ್ಟ ಆಗಬಹುದು. ಆಗಲಿ, ನಾವು ಮೈಸೂರು ಕಡೆ ಮಾತನ್ನು ಟೀವಿ ನೋಡಿಯೇ ಕಲಿತೆವು ಅಲ್ವಾ?

ನಿಮ್ಮಪ್ಪ ಗಿರಣಿಯಲ್ಲೇ ಇದ್ದವರು. ಅವರು ಹೇಳುತ್ತಿದ್ದ ಕಥೆಗಳಲ್ಲಿ ನಿನಗೆ ನೆನಪಿರುವುದನ್ನು ಬರೆದು ಕಳಿಸು, ಎಷ್ಟು ಸಣ್ಣದಾದರೂ ಪರವಾಗಿಲ್ಲ. ನಾನು ಆಗಲೇ ನಾಲ್ಕು ಎಪಿಸೋಡ್ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ದೀಪಾವಳಿಗೆ ಬಂದಾಗ ಓದುತ್ತೇನೆ, ಅವ್ವನೂ ಕೂತು ಕೇಳಲಿ. ವೈನಿಗೆ, ಮಗಳಿಗೆ ಕೇಳಿದೆ ಅಂತ ಹೇಳು.

ನಿನ್ನ ಗೆಳೆಯ