ಅಕ್ಕನ ಹೆಸರು ಬಿಟ್ಟುಹೋದರೆ?

ಚಿ. ಪುಟ್ಟನಿಗೆ ಮಾವನ ಆಶೀರ್ವಾದಗಳು.

ನಿನ್ನ ಕಾಗದದಲ್ಲಿ ಉಳಿದದ್ದೆಲ್ಲ ಒಂದು ತೂಕ, ಆ ಒಂದು ಸಾಲೇ ಒಂದು ತೂಕ. 'ಫ್ರೀ ಬಸ್ಸು ಬಡವರಿಗೆ ಮಾತ್ರ ಅಂತ ಮಾಡಿದರೆ ಅಮ್ಮನ ಹೆಸರು ಬಿಟ್ಟುಹೋಗುತ್ತಾ ಮಾವ?' ಬಿಟ್ಟುಹೋಗಬಹುದು ಕಣೋ. ಸುಳ್ಳು ಸಮಾಧಾನ ಹೇಳಲಾರೆ.

ಹೆಂಗಸರಿಗೆ ಫ್ರೀ ಬಸ್ಸಿನ 'ಶಕ್ತಿ' ಯೋಜನೆ ಶುರುವಾದ 2023ರ ಜೂನ್ 11ರಿಂದ ಕಂಡಕ್ಟರ್ ಅವಳನ್ನು ಕೇಳುತ್ತಿರುವುದು ಒಂದೇ, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ. ಶೂನ್ಯ ಟಿಕೆಟ್ ಕೈಗೆ ಬರುತ್ತದೆ, ಅದರ ದುಡ್ಡಿನ ಲೆಕ್ಕ ನಿಗಮಕ್ಕೂ ಸರ್ಕಾರಕ್ಕೂ ಬಿಟ್ಟದ್ದು. ಆದಾಯ ಕೇಳುವವರಿಲ್ಲ, ಹಾಗಾಗಿ ತಪ್ಪಾಗುವ ಜಾಗವೂ ಕಡಿಮೆ. ಭಾವನಿಗೆ ಮಾತ್ರ ಅರವತ್ತು ದಾಟಿದ್ದಕ್ಕೆ ಕಾಲುಭಾಗ ರಿಯಾಯಿತಿ ಅಷ್ಟೇ. ವಯಸ್ಸಾದವರಿಗೆಲ್ಲ ಪೂರ್ತಿ ಸಿಗಲಿ ಅನ್ನುವವನು ನಾನು, ಪಿಂಚಣಿ ಬರುವವರೂ ಸೇರಿ. ಅನುಕೂಲಸ್ಥರಿಗೆ ಯಾಕೆ ಅನ್ನುತ್ತೀಯ. ರಾಜಹಂಸಕ್ಕೂ ಏಸಿ ಬಸ್ಸಿಗೂ 'ಶಕ್ತಿ' ಇಲ್ಲವಲ್ಲ, ದುಡ್ಡಿದ್ದವರು ತಾವಾಗಿಯೇ ಆ ಕಡೆ ಹೋಗುತ್ತಾರೆ.

ಆದಾಯ ನೋಡಿ ಕೊಡುವುದರ ಪಾಡು ವಯಸ್ಸಾದವರ ಪಿಂಚಣಿ ಸಂಧ್ಯಾ ಸುರಕ್ಷಾದಲ್ಲಿ ಕಾಣುತ್ತದೆ. 65 ದಾಟಿರಬೇಕು, ವರ್ಷದ ಆದಾಯ 32,000 ಮೀರಬಾರದು, ಸಿಗುವುದು ತಿಂಗಳಿಗೆ 1,200. 2025-26ರ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370. ಗಂಡ ಹೆಂಡತಿ ಸೇರಿ ನೂರು ದಿನ ಮಣ್ಣು ಹೊತ್ತರೆ 37,000, ಗೆರೆ ದಾಟಿಯಾಯಿತು! ಬ್ರಿಟನ್ನಿನಲ್ಲೂ 2024ರಲ್ಲಿ ಹಿರಿಯರ ಚಳಿಗಾಲದ ಇಂಧನದ ಹಣವನ್ನು ಬಡವರ ಭತ್ಯೆ ಪಡೆಯುವವರಿಗೆ ಮಾತ್ರ ಎಂದರು. ಅರ್ಹರಾಗಿದ್ದೂ ಆ ಭತ್ಯೆಗೆ ಅರ್ಜಿ ಹಾಕದಿದ್ದವರಿಗೂ ತಪ್ಪಿತು. ಮರುವರ್ಷ ದಾರಿ ಬದಲಿಸಿ, 35,000 ಪೌಂಡ್ ಆದಾಯ ಮೀರಿದವರಿಂದ ತೆರಿಗೆಯಲ್ಲಿ ವಾಪಸ್ ಪಡೆಯುವುದಾಗಿ ಹೇಳಿದರು. ಅದೇ ಸರಿ ಅನಿಸುತ್ತದೆ ನನಗೆ.

ಎಲ್ಲರಿಗೂ ಕೊಟ್ಟದ್ದು ಭದ್ರ ಅಂತೇನಲ್ಲ. ರೈಲಿನಲ್ಲಿ ಹಿರಿಯ ಗಂಡಸರಿಗೆ 40, ಹೆಂಗಸರಿಗೆ 50 ಪರ್ಸೆಂಟ್ ಇತ್ತು, 2020ರ ಮಾರ್ಚಿನಲ್ಲಿ ನಿಂತದ್ದು ಕೋವಿಡ್ ಹೋದರೂ ಮರಳಲಿಲ್ಲ. ಆದರೆ ಎಲ್ಲರಿಗೂ ಒಟ್ಟಿಗೆ ಹೋದದ್ದಕ್ಕೆ ಸಂಸತ್ತಿನಲ್ಲಾದರೂ ಕೇಳಿದರು. ಪಟ್ಟಿಯಿಂದ ಅಕ್ಕನದೊಂದೇ ಹೆಸರು ಬಿದ್ದರೆ ಕೇಳುವವರಾರು? ನಿನ್ನ ದಿಗಿಲೇ ನನ್ನದೂ.

ಅವಳಿಗೆ ಬ್ಯಾಂಕಿನ ಮೆಸೇಜು ಓದಲು ಬಾರದು. ನಮ್ಮ ಮನೆಯಲ್ಲಿ ಗಂಡುಮಕ್ಕಳನ್ನಷ್ಟೇ ಶಾಲೆಗೆ ಕಳಿಸಿದರು. ಅದು ಈಗ ಚುಚ್ಚುತ್ತದೆ.

ನಿನಗೆ ಗೊತ್ತಿರುವುದನ್ನೇ ಹೇಳುತ್ತಿರಬಹುದು, ಬೇಸರ ಬೇಡ. ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ ಮೂರರಲ್ಲೂ ಹೆಸರು, ಇನಿಷಿಯಲ್ ಒಂದೇ ಇದೆಯಾ ನೋಡು. ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆದು ಆಧಾರ್ ಜೋಡಿಸಿದರೆ ಪಿಂಚಣಿ ಕೊನೆಗೆ ಜೋಡಿಸಿದ ಖಾತೆಗೇ ಹೋಗುತ್ತದೆ. ನಿಂತೇಹೋಯಿತು ಅಂದುಕೊಂಡು ಅಲೆಯುವವರು ಎಷ್ಟೋ ಜನ. ಬೆರಳಚ್ಚು ಸವೆದಿದ್ದರೆ ಆಧಾರ್ ಕೇಂದ್ರದಲ್ಲಿ ಹೊಸದಾಗಿ ಕೊಡಿಸು. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಆಯಸ್ಸು, ಮುಗಿಯುವ ಮುಂಚೆಯೇ ನಾಡಕಚೇರಿಯಲ್ಲಿ ಅರ್ಜಿ ಹಾಕಿ ಸಕಾಲದ ಸ್ವೀಕೃತಿ ತೆಗೆದುಕೋ. ಹೆಸರು ತೆಗೆದರೆ 'ಮೇಲಿಂದ ಬಂದಿದೆ' ಅನ್ನುವ ಮಾತು ಒಪ್ಪಬೇಡ, ಕಾರಣ ಬರೆದುಕೊಡಿ ಅನ್ನು. ಬಸ್ಸಿಗೆ ಜೆರಾಕ್ಸ್ ಬೇಡ, ಅಸಲಿ ಕಾರ್ಡೇ ಅವಳ ಚೀಲದಲ್ಲಿರಲಿ.

ಇತಿ,
ನಿನ್ನ ಮಾವ