ನಾಲಿಗೆ ರುಚಿ ಹೋಗುತ್ತೆ, ಮತ್ತೆ ಬರುತ್ತೆ ಅಂತ ಮೊದಲೇ ಹೇಳಿ

ಸಂಪಾದಕರಿಗೆ ನಮಸ್ಕಾರ,

ತಂಬಾಕು ಬಿಡಿ, ಬಾಯಿ ಕ್ಯಾನ್ಸರ್ ಬರುತ್ತೆ ಅಂತ ಪೇಪರ್‌ನಲ್ಲಿ ಆಗಾಗ ಬರ್ತಾನೇ ಇರುತ್ತೆ, ಬರ್ಬೇಕು ಕೂಡ. ಆದ್ರೆ ಕ್ಯಾನ್ಸರ್ ಬಂದು, ಆಪರೇಷನ್ ಆಗಿ, ರೇಡಿಯೇಷನ್ನೂ ಮುಗಿಸಿ ಮನೆಗೆ ಬಂದವರು ಏನು ಉಣ್ತಾರೆ, ಹೆಂಗೆ ಉಣ್ತಾರೆ ಅನ್ನೋದನ್ನ ಯಾರೂ ಬರೆಯಲ್ಲ. ಅದಕ್ಕೇ ಈ ಕಾಗದ.

ನಮ್ದು ಅರಕಲಗೂಡು ತಾಲ್ಲೂಕು. ಹೊಗೆಸೊಪ್ಪು ಬೆಳೆಯೋ ಸೀಮೆ, ರಾಮನಾಥಪುರದಲ್ಲಿ ಅದರ ಹರಾಜೂ ನಡೆಯುತ್ತೆ. ನಾನು ಇಪ್ಪತ್ತು ವರ್ಷ ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕ್ದೆ, ಎಡಗೆನ್ನೆ ಒಳಗೆ ಹುಣ್ಣಾಯ್ತು, ಕೊಯ್ದು ತೆಗೆದ್ರು, ಆಮೇಲೆ 30 ಸಲ ಕರೆಂಟ್ ಕೊಡ್ಬೇಕು ಅಂದ್ರು. ನಮ್ಮ ಕಡೆ ರೇಡಿಯೇಷನ್‌ಗೆ ಹಂಗೇ ಅನ್ನೋದು. ವಾರಕ್ಕೆ ಐದು ದಿನ, ಆರು ವಾರ. ಆಸ್ಪತ್ರೆ ಹತ್ರಾನೇ ಒಂದು ರೂಮ್ ಮಾಡ್ಕೊಂಡು ನಾನು, ನಮ್ಮ ಮನೆಯವಳು ಇದ್ವಿ.

ಸಹಿ ಹಾಕಿಸಿಕೊಳ್ಳುವಾಗ ಬಾಯಲ್ಲಿ ಹುಣ್ಣಾಗುತ್ತೆ, ಕತ್ತಿನ ಚರ್ಮ ಕಪ್ಪಾಗುತ್ತೆ ಅಂತೆಲ್ಲ ಹೇಳಿದ್ರು, ರುಚಿ ಬಗ್ಗೆ ಒಂದು ಮಾತಿಲ್ಲ. ಮೂರನೇ ವಾರಕ್ಕೆ ನೀರು ಕುಡಿದ್ರೆ ತುಕ್ಕು ಹಿಡಿದ ಕಬ್ಬಿಣ ನೆಕ್ಕಿದಂಗೆ ಆಗೋಕೆ ಶುರುವಾಯ್ತು. ಅವರೆಕಾಯಿ ಕಾಲ ಅದು, ನಂಗಿಷ್ಟ ಅಂತ ಆ ಸಣ್ಣ ರೂಮಲ್ಲೇ ಹಿತಕಿದ ಬೇಳೆ ಸಾರು ಮಾಡಿದ್ಲು. ಮೂಗು ಸರಿಯಾಗೇ ಇತ್ತಲ್ಲ, ಸೊಗಡೆಲ್ಲ ಘಮ್ ಅಂತ ಬರ್ತಿತ್ತು, ಆಸೆಯಿಂದ ಬಾಯಿಗಿಟ್ರೆ ಮಣ್ಣು. ಉಪ್ಪೇ ಹಾಕಿಲ್ಲ ಅಂತ ಅವಳ ಮೇಲೆ ರೇಗಿ ತಟ್ಟೆ ತಳ್ಳಿಬಿಟ್ಟೆ. ಅವಳು ಒಂದು ತುತ್ತು ತಿಂದು ನೋಡಿದ್ಲು, ಏನೂ ಅನ್ಲಿಲ್ಲ, ಆ ಕಡೆ ತಿರುಗಿ ಕೂತ್ಲು. ಅದು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದಂಗಿದೆ.

ಆಮೇಲೆ ಊಟಾನೇ ಬಿಟ್ಟೆ. ನೋಡೋಕೆ ಬಂದ ನೆಂಟರು ಹಠ ಮಾಡ್ತಾನೆ, ಗಟ್ಟಿ ಮನಸ್ಸು ಮಾಡಬೇಕು ಅಂತ ಬುದ್ಧಿ ಹೇಳಿ ಹೋದ್ರು. ನಾಲಿಗೆ ಇನ್ನು ಜನ್ಮಕ್ಕೆ ಇಷ್ಟೇ ಅಂತ ನಾನು ಅಂದ್ಕೊಂಡಿದ್ದೆ, ಹಂಗಿರುವಾಗ ಉಂಡು ಏನಾಗ್ಬೇಕು ಅನ್ಸೋದು. ಒಂಬತ್ತು ಕೆಜಿ ಇಳಿದೆ. ಮುಖ ಅಲ್ಲಾಡದಂಗೆ ಹಾಕೋ ಪ್ಲಾಸ್ಟಿಕ್ ಮಾಸ್ಕ್ ಸಡಿಲ ಆಗೋಯ್ತು, ಅದು ಸಡಿಲ ಆದ್ರೆ ಕರೆಂಟ್ ಬೀಳೋ ಜಾಗ ಆಚೀಚೆ ಆಗುತ್ತೆ ಅಂತ ಮತ್ತೆ ಸ್ಕ್ಯಾನ್ ಮಾಡಿ ಹೊಸ ಮಾಸ್ಕ್ ಮಾಡಿದ್ರು.

ಆವಾಗ ಒಬ್ರು ಚಿಕ್ಕ ವಯಸ್ಸಿನ ಡಾಕ್ಟ್ರಮ್ಮ ನಮ್ಮಿಬ್ರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದ್ರು. ನಾಲಿಗೆ ಮೇಲೆ ರುಚಿ ಹಿಡಿಯೋ ಕಣಗಳು ಹೆಚ್ಚುಕಮ್ಮಿ ಹತ್ತು ದಿನಕ್ಕೊಂದು ಸಲ ಹಳೇವು ಹೋಗಿ ಹೊಸವು ಹುಟ್ತಾ ಇರ್ತಾವಂತೆ, ಕರೆಂಟ್ ಕೊಡುವಾಗ ಆ ಹುಟ್ಟೋದಕ್ಕೇ ತಡೆ ಬೀಳುತ್ತೆ, ಜೊತೆಗೆ ಜೊಲ್ಲಿನ ಗ್ರಂಥಿಗೂ ಏಟು ಬೀಳುತ್ತೆ, ಉಂಡಿದ್ದು ಜೊಲ್ಲಲ್ಲಿ ಕರಗಿದ್ರೆ ತಾನೇ ನಾಲಿಗೆಗೆ ಗೊತ್ತಾಗೋದು. ಕರೆಂಟ್ ಮುಗಿದು ಒಂದೆರಡು ತಿಂಗಳಿಗೆ ರುಚಿ ಬರೋಕೆ ಶುರುವಾಗಿ ಹೆಚ್ಚಿನವರಿಗೆ ಆರು ತಿಂಗಳು, ವರ್ಷದೊಳಗೆ ಬಹುಪಾಲು ಬರುತ್ತೆ, ಕೆಲವರಿಗೆ ಪೂರ್ತಿ ಬರಲ್ಲ, ಅಲ್ಲಿವರೆಗೂ ಊಟಾನ ಮಾತ್ರೆ ಥರ ಗಡಿಯಾರ ನೋಡ್ಕೊಂಡು ತಗೋಬೇಕು ಅಂದ್ರು. ಐದು ನಿಮಿಷದ ಮಾತು. ಮೊದಲ ದಿನವೇ ಹೇಳಿದ್ರೆ ಆ ತಟ್ಟೆ ನಾನು ತಳ್ತಿರ್ಲಿಲ್ಲ.

ಮನೆಗೆ ಬಂದ್ಮೇಲೆ ಗಂಜಿ, ಮೊಸರು, ತುಪ್ಪ ಹಾಕಿ ಮೆತ್ತಗೆ ಕಿವುಚಿದ ಅನ್ನ. ಒಂದು ಲೀಟರ್ ನೀರಿಗೆ ಒಂದು ಚಮಚ ಉಪ್ಪು, ಒಂದು ಚಮಚ ಅಡುಗೆ ಸೋಡ ಹಾಕಿ ಊಟಕ್ಕೆ ಮುಂಚೆ ಬಾಯಿ ಮುಕ್ಕಳಿಸ್ತಿದ್ದೆ. ಸ್ಟೀಲ್ ಚಮಚ ಬಿಟ್ಟು ಪ್ಲಾಸ್ಟಿಕ್ ಚಮಚದಲ್ಲಿ ತಿಂದ್ರೆ ಕಬ್ಬಿಣದ ವಾಸನೆ ಸ್ವಲ್ಪ ಕಮ್ಮಿ ಅನ್ಸೋದು. ಯಾರೋ ಹೇಳಿದ್ರು ಅಂತ ಜಿಂಕ್ ಮಾತ್ರೆ ತಿಂದು ನೋಡಿದೆ, ನಂಗೇನೂ ಆಗ್ಲಿಲ್ಲ, ಅದರಿಂದ ರುಚಿ ಬಂದೇ ಬರುತ್ತೆ ಅಂತ ಸಾಬೀತಾಗಿಲ್ಲ ಅಂತ ಡಾಕ್ಟ್ರೂ ಹೇಳಿದ್ರು.

ಎರಡೂವರೆ ತಿಂಗಳಾದ್ಮೇಲೆ ಒಂದಿನ ಬೇಳೆ ಸಾರು ಅನ್ನ ಉಣ್ತಾ ಇದ್ದೆ. ನಂಗೆ ಗೊತ್ತಾಗ್ಲಿ ಅಂತ ಅವಳು ದಿನಾ ಒಂದು ಚಿಟಿಕೆ ಜಾಸ್ತಿ ಹಾಕ್ತಿದ್ಲು. ಯೋಚನೆ ಮಾಡ್ದೇನೇ, ಉಪ್ಪು ಜಾಸ್ತಿ ಆಗೈತಲ್ಲೇ ಅಂದೆ. ಅವಳು ಸೌಟು ಕೆಳಗಿಟ್ಟು, ಇನ್ನೊಂದ್ಸಲ ಹೇಳಿ ಅಂದ್ಲು.

ಸಂಪಾದಕರೇ, ನಾನು ಕೇಳೋದಿಷ್ಟೇ. ಕರೆಂಟ್ ಶುರು ಮಾಡೋಕೆ ಮುಂಚೆ ರೋಗಿ ಜೊತೆ ಮನೇಲಿ ಅಡುಗೆ ಮಾಡೋರನ್ನೂ ಕೂರಿಸಿಕೊಂಡು ಈ ವಿಷಯ ಹೇಳಲಿ, ಕನ್ನಡದಲ್ಲಿ ಒಂದು ಹಾಳೆ ಬರೆದು ಕೊಡಲಿ. ಹಲ್ಲು ಕೆಟ್ಟಿದ್ರೆ ಮೊದಲೇ ತೋರಿಸಿಕೊಳ್ಳಿ, ಆಮೇಲೆ ಕೀಳಿಸಿದ್ರೆ ದವಡೆ ಮೂಳೆಗೆ ತೊಂದರೆ ಆಗಬಹುದು ಅನ್ನೋದೂ ಅದರಲ್ಲಿರಲಿ. ತಾಲ್ಲೂಕು ಆಸ್ಪತ್ರೆಯವರಿಗೂ ಆಶಾ ಕಾರ್ಯಕರ್ತೆಯರಿಗೂ ಆ ಹಾಳೆ ಸಿಗಲಿ, ಯಾಕಂದ್ರೆ ಊರಿಗೆ ಬಂದ್ಮೇಲೆ ನಾವು ಕೇಳೋದು ಅವರನ್ನೇ. ನಿಮ್ಮ ಆರೋಗ್ಯ ಪುಟದಲ್ಲಿ ತಿಳಿದ ಡಾಕ್ಟ್ರ ಕೈಲಿ ಒಂದು ಲೇಖನ ಬರೆಸಿದ್ರೂ ದೊಡ್ಡ ಉಪಕಾರ.

ಈ ಸಲದ ಅವರೆಕಾಯಿ ಬಂದಿದೆ. ಖಾರ ಇನ್ನೂ ತಡೆಯಲ್ಲ, ಬಾಯಿ ಒಣಗುತ್ತೆ, ಪಕ್ಕದಲ್ಲಿ ನೀರಿನ ಚೊಂಬು ಇಟ್ಕೊಂಡು ಒಂದೊಂದು ತುತ್ತಿಗೂ ಒಂದೊಂದು ಗುಟುಕು. ಅರ್ಧ ಮುದ್ದೆ ಉಂಡೆ.

ಇಂತಿ,
ಅರಕಲಗೂಡು ತಾಲ್ಲೂಕಿನ ಒಬ್ಬ ಓದುಗ, ಹಾಸನ ಜಿಲ್ಲೆ